ಗಾಲಿ ನಡುವ ಎಷ್ಟ ಅಂತರ ಐತ್ರಿ?

“ಗಾಲಿ ನಡುವ ಎಷ್ಟ ಅಂತರ ಐತ್ರಿ ಸರ? ಒಂದ್ ನಂಬರ್ ಹೇಳ್ರಿ ಸಾಕು, ನಾಳಿ ಸಂಜಿ ಅನ್ನೂದ್ರಾಗ ಏಣಿ ತಯಾರ ಮಾಡಿ ಇಡ್ತೀನಿ.”

ಗಬ್ಬೂರ ಕಡೆ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ವೆಲ್ಡಿಂಗ್ ಕಾಕಾ ಫೋನಿನಲ್ಲಿ ಕೇಳಿದ್ದು ಇಷ್ಟೇ. ಏಣಿ ಅಂದರೆ ಲಾರಿಗೆ ಕಾರು ಹತ್ತಿಸುವ ರ‍್ಯಾಂಪು. ಅವರ ಬಾಯಲ್ಲಿ ಅದು ಏಣಿಯೇ. ಆ ಒಂದು ನಂಬರು ಹೇಳಲು ನನಗೆ ಒಂಬತ್ತು ದಿನ ಹಿಡಿಯಿತು. ಹೇಳಿದ ಮೇಲೂ ಏಣಿ ತಪ್ಪಾಗಿ ಬಂತು.

ನಾಚಿಕೆಯ ಸಂಗತಿಯೆಂದರೆ ನಾನು ಡಿಪ್ಲೊಮಾ ಹುಡುಗರಿಗೆ ಎಂಜಿನಿಯರಿಂಗ್ ಡ್ರಾಯಿಂಗ್ ಕಲಿಸುವ ಮಾಸ್ತರ. ಅಳತೆ ಎಲ್ಲಿಂದ ಶುರುವಾಗಿ ಎಲ್ಲಿಗೆ ಮುಗಿಯಿತು ಎಂದು ಬಾಣದ ತುದಿ ತೋರಿಸದ ಹುಡುಗರಿಗೆ ಅರ್ಧ ಮಾರ್ಕು ಕಡಿಯುವವನು.

ಕಾರು ನನ್ನದಲ್ಲ, ಸೋದರಮಾವನದು. ಮಾಮಾ ಹುಬ್ಬಳ್ಳಿಯ ಗದಗ ರೋಡಿನ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದವರು. ರಿಟೈರ್ ಆದ ಮೇಲೆ ಕುಸುಗಲ್ ರೋಡಿನ ಮನೆಯ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಏಳು ವರ್ಷ ಕೂತು ಒಂದು ಕೋಬ್ರಾ ಕಟ್ಟಿದರು. ಹಾವಲ್ಲ, ಕಾರು. ಇಂಗ್ಲೆಂಡಿನ ಎ.ಸಿ. ಕಂಪನಿಯ ಹಗುರವಾದ ಎರಡು ಸೀಟಿನ ಕಾರಿನೊಳಗೆ ಅಮೆರಿಕದ ಕ್ಯಾರೊಲ್ ಶೆಲ್ಬಿ 1962ರಲ್ಲಿ ಫೋರ್ಡಿನ ವಿ-8 ಎಂಜಿನ್ ಕೂರಿಸಿದನಲ್ಲ, ಆ ಕಾರಿನ ನಕಲು. ಅಸಲಿ ತಯಾರಾಗಿದ್ದು ಸಾವಿರದ ಆಸುಪಾಸು. ಹಾಗಾಗಿ ಜಗತ್ತಿನಲ್ಲಿ ಎಲ್ಲೇ ಕೋಬ್ರಾ ಕಂಡರೂ ಅದು ಯಾರೋ ಕಟ್ಟಿದ ನಕಲೇ ಆಗಿರುವ ಸಾಧ್ಯತೆ ಹೆಚ್ಚು. ಓಣಿಯ ಹುಡುಗರಿಗೆ ಈ ಇತಿಹಾಸವೆಲ್ಲ ಬೇಕಿರಲಿಲ್ಲ. ಉಬ್ಬಿದ ಕಣ್ಣು, ಅಗಲ ಬಾಯಿ, ಮೇಲೆ ಮಾಮಾ ಹೊಡೆದ ಕಡುಹಸಿರು ಬಣ್ಣ ನೋಡಿ ‘ಕಪ್ಪಿ ಕಾರು’ ಅಂತ ಹೆಸರಿಟ್ಟರು. ಕಪ್ಪೆಯ ಹಾಗೆಯೇ ಹೊಟ್ಟೆ ನೆಲಕ್ಕೆ ಹತ್ತಿಕೊಂಡಂತಿದೆ. ಆ ಹೊಟ್ಟೆಯ ವಿಚಾರ ಮುಂದೆ ಬರುತ್ತದೆ.

ಅಸಲಿಯಿಂದ ಮಾಮಾ ಚಾಚೂ ತಪ್ಪದೆ ಇಟ್ಟುಕೊಂಡ ಅಳತೆ ಒಂದೇ: ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ 90 ಇಂಚು, ಅಂದರೆ 2,286 ಮಿಲಿಮೀಟರು. ಉಳಿದದ್ದೆಲ್ಲ ಸಿಕ್ಕಿದ್ದನ್ನು ಹೊಂದಿಸಿದ್ದು. ಎಂಜಿನ್ನು, ಗೇರ್‌ಬಾಕ್ಸು, ಮುಂದಿನ ಗಾಲಿಗಳ ಸಸ್ಪೆನ್ಷನ್ನು ಗುಜರಿ ಸೇರಿದ್ದ ಒಂದು ಹಿಂದುಸ್ತಾನ್ ಕಾಂಟೆಸಾದ್ದು, ಇಸುಜು ಎಂಜಿನ್ನಿನ ಕಾಂಟೆಸಾ. ಹಿಂದಿನ ಆಕ್ಸಲ್ಲು ಮಾರುತಿ ಜಿಪ್ಸಿಯದು. ಚಾಸಿ ಮಾಮಾ ಕೈಯಾರೆ ವೆಲ್ಡ್ ಮಾಡಿದ್ದು. ಅಂದರೆ ಕಾರಿನ ಮುಂಭಾಗ ಒಂದು ಮನೆತನದ್ದು, ಹಿಂಭಾಗ ಇನ್ನೊಂದು ಮನೆತನದ್ದು. ಸಂಬಂಧ ಕೂಡಿಸಿದವರು ಮಾಮಾ.

ಇದನ್ನು ರಸ್ತೆಗೆ ಇಳಿಸುವಂತಿಲ್ಲ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಾಯಿಸಿದರೆ ನೋಂದಣಿ ಇಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಟ್ಟುಕೊಂಡು ಸುಪ್ರೀಂ ಕೋರ್ಟು 2019ರಲ್ಲಿ ಖಂಡಿತವಾಗಿ ಹೇಳಿದೆ. ಎರಡು ಕಾರುಗಳ ಭಾಗ ಸೇರಿಸಿ ಮೂರನೆಯದನ್ನು ಕಟ್ಟಿದವರ ಪಾಡು ಕೇಳುವುದೇ ಬೇಡ. ಓಡಿಸಬೇಕೆಂದರೆ ರೇಸ್ ಟ್ರ್ಯಾಕಿಗೆ ಒಯ್ಯಬೇಕು. ಕೊಯಮತ್ತೂರಿನ ಕರಿ ಸ್ಪೀಡ್‌ವೇಯ ಮೇಲೆ ಮಾಮಾಗೆ ಮೊದಲಿನಿಂದಲೂ ಕಣ್ಣು. ಮಾರುತಿ 800ರ ಎಂಜಿನ್ ಹಾಕಿ ರೇಸ್ ಕಾರು ಕಟ್ಟಿದ ಕರಿವರ್ಧನ್ ಅವರ ಹೆಸರಿನ ಟ್ರ್ಯಾಕು ಅದು. ಗುಜರಿ ಎಂಜಿನ್ನಿನಿಂದ ಕಾರು ಕಟ್ಟಿದವರಿಗೆ ಅದಕ್ಕಿಂತ ಸರಿಯಾದ ಜಾಗ ಇನ್ನೆಲ್ಲಿದೆ ಎಂಬುದು ಅವರ ವಾದ. ಹುಬ್ಬಳ್ಳಿಯಿಂದ ಬೆಂಗಳೂರೇ ನಾಲ್ಕುನೂರು ಕಿಲೋಮೀಟರು, ಅಲ್ಲಿಂದ ಮುಂದೆ ಹೆಚ್ಚುಕಡಿಮೆ ಮತ್ತಷ್ಟು. ಲಾರಿಯೇ ಗತಿ. ಬ್ಯಾಡಗಿಯಿಂದ ಒಣಮೆಣಸಿನಕಾಯಿ ಹೇರುವ ಪರಿಚಯದ ಡ್ರೈವರೊಬ್ಬರ 14 ಅಡಿಯ ಐಷರ್ ಲಾರಿ ಗೊತ್ತಾಯಿತು. ಅದರ ಮೇಲೆ ಹತ್ತಿಸಲು ಏಣಿ ಬೇಕು. ಏಣಿಗೆ ಅಳತೆ ಬೇಕು.

ನಾನು ಮೊದಲು ಮಾಡಿದ ಕೆಲಸ ಮೊಬೈಲು ತೆಗೆದದ್ದು. ಜಿಪ್ಸಿಯ ಹಿಂದಿನ ಎಡಬಲ ಗಾಲಿಗಳ ಅಂತರ 1,310 ಮಿಲಿಮೀಟರ್ ಅಂತ ಬಂತು. ಇನ್ನೇನು, ಬರೆದುಕೊಂಡೆ. ಮಾಮಾ ನೋಡಿ ನಕ್ಕರು.

“ಯಾವ ಜಿಪ್ಸಿದಪಾ ಇದು?”

“ಜಿಪ್ಸಿ ಅಂದ್ರ ಜಿಪ್ಸಿ ಅಲ್ರಿ ಮಾಮಾ.”

ಅಲ್ಲವಂತೆ. 1993ರಲ್ಲಿ ಮಾರುತಿಯವರು ಜಿಪ್ಸಿಯ ಗಾಲಿಗಳ ಅಂತರ ಹೆಚ್ಚು ಮಾಡಿದರು; ಮುಂದೆ ಹಿಂದೆ ಎರಡೂ ಕಡೆ 90 ಮಿಲಿಮೀಟರು. ಮುಂದೆ 1,300, ಹಿಂದೆ 1,310 ಆದದ್ದು ಆಗ. ಅದಕ್ಕೂ ಮೊದಲಿನದ್ದರಲ್ಲಿ 1,210 ಮತ್ತು 1,220. ಮಾಮಾ ತಂದಿದ್ದ ಆಕ್ಸಲ್ಲು ಹಳೆಯ, ಗಿಡ್ಡನೆಯದ್ದು. ಅದು ಮೈಯೊಳಗೆ ಹುದುಗಿಹೋಗುತ್ತದೆ ಎಂದು ಎರಡೂ ಬದಿಗೆ 25 ಮಿಲಿಮೀಟರಿನ ಸ್ಪೇಸರ್, ಅಂದರೆ ಗಾಲಿಯನ್ನು ಹೊರಗೆ ಸರಿಸುವ ಬಿಲ್ಲೆ ಕೊಟ್ಟು, ಹೊರಗೆ ಚಾಚಿದ ಬೇರೆ ರಿಮ್ಮು ಹಾಕಿದ್ದರು. ಈಗ ಅದು 1,220 ಅಲ್ಲ, 1,310 ಕೂಡ ಅಲ್ಲ. ಈ ಕಾರಿನ ಅಳತೆ ಯಾವ ಪುಸ್ತಕದಲ್ಲೂ ಇಲ್ಲ.

ಸರಿ, ಟೇಪು ಹಿಡಿದೆವು. ಭಾನುವಾರ ಮುಂಜಾನೆ. ಮಾಮಾ ಹಿಂದಿನ ರಾತ್ರಿ ಬ್ರೇಕ್ ನೋಡಲೆಂದು ಕಾರನ್ನು ಸ್ಟ್ಯಾಂಡಿನ ಮೇಲೆ ಎತ್ತಿಟ್ಟಿದ್ದರು. ಇಳಿಸಿ ಅಳೆದೆವು. ಇಬ್ಬರೂ ಹೊಟ್ಟೆಯ ಮೇಲೆ ಮಲಗಿ, ಆ ಕಡೆಯ ಟೈರಿನ ಹೊರಅಂಚಿನಿಂದ ಈ ಕಡೆಯ ಟೈರಿನ ಒಳಅಂಚಿಗೆ. ಇದೊಂದು ಛಲೋ ಉಪಾಯ: ಎರಡೂ ಟೈರಿನ ಅಗಲ ಒಂದೇ ಇದ್ದರೆ, ಒಂದರ ಹೊರಅಂಚಿನಿಂದ ಮತ್ತೊಂದರ ಒಳಅಂಚಿಗೆ ಅಳೆದರೆ ಬರುವುದು ನಟ್ಟನಡುವಿನಿಂದ ನಟ್ಟನಡುವಿನ ಅಂತರವೇ. ಟೈರಿನ ನಡು ಎಲ್ಲಿದೆ ಎಂದು ಹುಡುಕುವ ಕಷ್ಟವಿಲ್ಲ. ಮುಂದಿನದು 1,350 ಬಂತು.

ಮಧ್ಯಾಹ್ನ ಊಟವಾದ ಮೇಲೆ ಕಾರನ್ನು ಶೆಡ್ಡಿನ ಹೊರಗೆ ನೂಕಿ, ನೆರಳು ಬಂದ ಮೇಲೆ ಒಳಗೆ ನೂಕಿದೆವು. ಸಂಜೆ ಸುಮ್ಮನೆ ಇನ್ನೊಮ್ಮೆ ಟೇಪು ಹಿಡಿದೆ. 1,372. ಟೇಪು ತಿರುವಿ ನೋಡಿದೆ, ತುದಿಯ ಕೊಕ್ಕೆ ಸಡಿಲವಾಗಿದೆಯೇ ಎಂದು ಜಗ್ಗಿ ನೋಡಿದೆ. ಟೇಪಿನ ತಪ್ಪೇನಿರಲಿಲ್ಲ. ಗಾಲಿಗಳೇ 22 ಮಿಲಿಮೀಟರು ಸರಿದಿದ್ದವು.

ಯೋಚಿಸಿದರೆ ಸರಳ ಸಂಗತಿ. ಕಾಂಟೆಸಾದ ಮುಂದಿನ ಗಾಲಿಗಳು ಒಂದೊಂದೂ ತನ್ನ ತೋಳಿನ ಮೇಲೆ ಜೋತುಬಿದ್ದಿರುತ್ತವೆ. ಕಾರನ್ನು ಎತ್ತಿದಾಗ ಗಾಲಿ ಕೆಳಗಿಳಿದು ಒಳಕ್ಕೆ ಸರಿಯುತ್ತದೆ, ಹಕ್ಕಿ ರೆಕ್ಕೆ ಮಡಚಿದ ಹಾಗೆ. ಇಳಿಸಿದಾಗ ಭಾರ ಬಿದ್ದು ಹೊರಗೆ ಸರಿಯಬೇಕು. ಆದರೆ ನಿಂತ ಟೈರನ್ನು ಸಿಮೆಂಟಿನ ನೆಲ ಗಟ್ಟಿಯಾಗಿ ಹಿಡಿದಿರುತ್ತದೆ, ಬಿಡುವುದಿಲ್ಲ. ನಾಲ್ಕು ಮಾರು ಹಿಂದೆಮುಂದೆ ಉರುಳಿಸಿದರೆ ಮಾತ್ರ ಟೈರು ತನ್ನ ನಿಜವಾದ ಜಾಗಕ್ಕೆ ಬಂದು ಕೂರುತ್ತದೆ. ಮುಂಜಾನೆ ನಾವು ಅಳೆದದ್ದು ಇನ್ನೂ ನಿದ್ದೆಯಿಂದ ಏಳದ ಕಾರನ್ನು.

ಅವತ್ತೇ ಕಾಕಾಗೆ ಫೋನು ಮಾಡಿ 1,372 ಅಂದುಬಿಡುತ್ತಿದ್ದೆ. ಮಾಮಾ ತಡೆದರು. “ಅವಂಗ ಎಲ್ಲಿಂದ ಎಲ್ಲೀತನಾ ಅಂತ ಹೇಳ್ತಿ?”

ವರ್ಕ್‌ಶಾಪಿನಲ್ಲಿ ಮಾಮಾ ಇದ್ದದ್ದು ಗಾಲಿಗಳ ವಿಭಾಗದಲ್ಲಿ. ಅಂತರ ಅನ್ನುವ ಶಬ್ದಕ್ಕೆ ಅವರ ತಲೆಯಲ್ಲಿ ಬೇರೆಯೇ ಅರ್ಥ. ರೈಲಿನ ಗೇಜು ಅಂದರೆ ಒಂದು ಹಳಿಯ ಒಳಮೈಯಿಂದ ಇನ್ನೊಂದರ ಒಳಮೈಗೆ: ಬ್ರಾಡ್‌ಗೇಜು 1,676. ಆದರೆ ಗಾಲಿ ಜೋಡಿಸುವ ಫಿಟರ್ ನೋಡುವುದು ಗಾಲಿಗಳ ಒಳಮುಖದಿಂದ ಒಳಮುಖಕ್ಕೆ, ಅದು 1,600. ಒಂದೇ ಬೋಗಿಗೆ ಎರಡು ನಂಬರು, ಎರಡೂ ಸರಿ. ಹುಬ್ಬಳ್ಳಿಯ ಹಳಿಗಳು ಮೀಟರ್‌ಗೇಜಿನಿಂದ ಬ್ರಾಡ್‌ಗೇಜಿಗೆ ಬದಲಾದ 1990ರ ದಶಕದಲ್ಲಿ ಹೊಸ ಹುಡುಗರು ಈ ಎರಡನ್ನೂ ಕಲಸಿ ಬೈಸಿಕೊಳ್ಳುತ್ತಿದ್ದರಂತೆ. ಈಗ ಬೈಸಿಕೊಳ್ಳುವ ಸರದಿ ನನ್ನದು.

“ರೈಲಿನವರು ಒಳಗಿಂದ ಒಳಗ ಅಳೀತೀವಿ, ಕಾರಿನವರು ನಡುವಿಂದ ನಡುವಿಗೆ. ನಿನ್ನ ಏಣಿಗೆ ಇವೆರಡೂ ಸಾಲಂಗಿಲ್ಲ,” ಅಂದರು. “ಎಲ್ಲಾದಕಿಂತಾ ಹೊರಗಿನ ಅಂಚು ಯಾವುದು, ಎಲ್ಲಾದಕಿಂತಾ ಒಳಗಿನ ಅಂಚು ಯಾವುದು, ಅದನ್ನ ಹಿಡಿ.”

ಹಿಡಿಯುವುದು ಹೇಗೆ? ಫೆಂಡರು, ಅಂದರೆ ಮಡ್‌ಗಾರ್ಡು, ಗಾಲಿಯ ಮೇಲೆ ಹೊಟ್ಟೆಯಂತೆ ಉಬ್ಬಿದೆ, ನೇರ ನೋಡಲು ಬಿಡುವುದಿಲ್ಲ. ಟೈರುಗಳು ಮೇಲೆ ಕೊಂಚ ಒಳಕ್ಕೆ ವಾಲಿವೆ. ಮೇಲೆ ಅಳೆದರೆ ಒಂದು, ನೆಲದ ಹತ್ತಿರ ಅಳೆದರೆ ಇನ್ನೊಂದು. ಮುಂದಿನ ಟೈರುಗಳ ಮೂತಿ ಚೂರು ಒಳಗೆ ತಿರುಗಿರುವುದರಿಂದ ಮುಂದಿನಿಂದ ಅಳೆದದ್ದಕ್ಕೂ ಹಿಂದಿನಿಂದ ಅಳೆದದ್ದಕ್ಕೂ ಮೂರು ಮಿಲಿಮೀಟರು ಫರಕು. ಗೌಂಡಿಯವರ ತೂಗುಗುಂಡು ತಂದು ಟೈರಿನ ಅಂಚಿಗೆ ಹಿಡಿದು ನೆಲದ ಮೇಲೆ ಚಾಕ್‌ಪೀಸಿನಿಂದ ಗುರುತು ಮಾಡಿದೆ. ಟೈರಿನ ಪಕ್ಕದ ರಬ್ಬರು ನೆಲ ಮುಟ್ಟುವ ಭಾಗಕ್ಕಿಂತ ಹೊರಗೆ ಉಬ್ಬಿರುತ್ತದೆ. ಗುಂಡು ತೋರಿಸಿದ್ದು ಆ ಉಬ್ಬನ್ನು, ಪಟ್ಟೆಯನ್ನಲ್ಲ. ಎಂಟು ಗುರುತು ಹಾಕಿ ಎಂಟನ್ನೂ ಒರೆಸಿದೆ.

ಚಹಾ ತಂದ ಅತ್ತೆ ಇದನ್ನೆಲ್ಲ ನೋಡುತ್ತ ನಿಂತಿದ್ದರು. “ಚಕ್ಕಡಿ ಹಾದುಹೋದ ಮ್ಯಾಲ ಗಾಲಿ ಜಾಡು ಮಣ್ಣಾಗ ಕಾಣ್ತದಲ್ಲಪಾ, ಇದರ ಜಾಡು ಕಾಣಂಗ ಮಾಡ್ರಿ,” ಅಂದರು. ಒಳಗೆ ಹೋಗಿ ರಂಗೋಲಿ ಪುಡಿಯ ಡಬ್ಬಿ ತಂದು ಕೈಗೆ ಕೊಟ್ಟರು.

ಇದು ನನಗೆ ಹೊಳೆಯಬೇಕಿತ್ತು. ನಮ್ಮ ಅಜ್ಜನ ಹೊಲಕ್ಕೆ ಹೋಗುವ ಎರೆಮಣ್ಣಿನ ದಾರಿಯಲ್ಲಿ ಚಕ್ಕಡಿ ಗಾಲಿಗಳು ಕೊರೆದ ಎರಡು ಗುಂಡಿಸಾಲು ಇರುತ್ತಿದ್ದವು. ಬೇರೆ ಅಂತರದ ಟ್ರೇಲರ್ ಆ ದಾರಿಗೆ ಬಂದರೆ ಒಂದು ಗಾಲಿ ಸಾಲಿನಲ್ಲಿ, ಇನ್ನೊಂದು ದಿಬ್ಬದ ಮೇಲೆ, ಓರೆಯಾಗಿ ಕುಂಟುತ್ತಿತ್ತು. ಏಣಿ ಅಂದರೆ ಕಬ್ಬಿಣದ ಜಾಡು ಅಷ್ಟೇ.

ಶೆಡ್ಡಿನ ನೆಲಕ್ಕೆ ಅಡ್ಡವಾಗಿ ಒಂದು ಮೊಳ ಅಗಲದ ಪಟ್ಟಿ ರಂಗೋಲಿ ಪುಡಿ ತೆಳ್ಳಗೆ ಉದುರಿಸಿದೆವು. ಮೊದಲು ಮುಂದಿನ ಗಾಲಿಗಳು ಮಾತ್ರ ಹಾಯುವಂತೆ ಕಾರು ನೂಕಿ, ಸ್ಟೇರಿಂಗು ನೆಟ್ಟಗಿಟ್ಟು ನಿಲ್ಲಿಸಿದೆವು. ಪುಡಿಯಲ್ಲಿ ಟೈರಿನ ಹಲ್ಲುಗಳ ಸಮೇತ ಎರಡು ಪಟ್ಟೆ ಮೂಡಿದವು. ಅಂಚಿಗೆ ಚಾಕ್‌ಪೀಸಿನಿಂದ ಗೆರೆ ಎಳೆದೆ. ಆಮೇಲೆ ಹಿಂದಿನ ಗಾಲಿ ಹಾಯಿಸಿ ಅದಕ್ಕೆ ಕೆಂಪು ಚಾಕ್‌ಪೀಸು. ಕಾರನ್ನು ಪೂರ್ತಿ ಆಚೆ ನೂಕಿದ ಮೇಲೆ ಬರಿ ನೆಲದ ಮೇಲೆ ಟೇಪು ಹಾಸಿ ಅಳೆಯುವುದು, ಅದೂ ಕೂತುಕೊಂಡು, ಬಗ್ಗದೆ. ನಾಲ್ಕು ದಿನ ಹೊಟ್ಟೆಯ ಮೇಲೆ ಹೊರಳಾಡಿದ್ದಕ್ಕೆ ಸಿಗದ ನಂಬರು ಇಪ್ಪತ್ತು ನಿಮಿಷದಲ್ಲಿ ಸಿಕ್ಕಿತು.

ಮುಂದಿನ ಪಟ್ಟೆಗಳ ಅಗಲ 180. ಹೊರಅಂಚಿನಿಂದ ಹೊರಅಂಚಿಗೆ 1,552, ಒಳಅಂಚಿನಿಂದ ಒಳಅಂಚಿಗೆ 1,192. ಹಿಂದಿನ ಟೈರು ದಪ್ಪ, ಪಟ್ಟೆಯ ಅಗಲ 225. ಹೊರಗಿನಿಂದ ಹೊರಗೆ 1,511, ಒಳಗಿನಿಂದ ಒಳಗೆ 1,061. ನಡುವಿನಿಂದ ನಡುವಿಗೆ ಲೆಕ್ಕ ಹಾಕಿದರೆ ಮುಂದೆ 1,372, ಹಿಂದೆ 1,286.

ಎಲ್ಲರಿಗಿಂತ ಹೊರಗೆ ಚಾಚಿದ್ದು ಮುಂದಿನ ಗಾಲಿ. ಎಲ್ಲರಿಗಿಂತ ಒಳಗೆ ಹೊಕ್ಕಿದ್ದು ಹಿಂದಿನ ಗಾಲಿ. ಕಾರಿನ ನಡುಗೆರೆಯಿಂದ ಒಂದು ಬದಿಗೆ ನೋಡಿದರೆ ಒಳಗಿನ ತುದಿ 530, ಹೊರಗಿನ ತುದಿ 776. ಅಂದರೆ ಒಂದು ಏಣಿಯ ಮೇಲೆ ಎರಡೂ ಗಾಲಿ ಹಾಯಬೇಕಾದರೆ ಬರೀ ರಬ್ಬರಿಗೇ 246 ಮಿಲಿಮೀಟರು ಜಾಗ ಬೇಕು. ಕಾಕಾ ಸಾಮಾನ್ಯವಾಗಿ ಮಾಡುವ ಏಣಿ 10 ಇಂಚಿನದು, 254. ಅದನ್ನು ಮುಂದಿನ ಗಾಲಿಯ ನಡುವಿಗೆ ಸರಿಯಾಗಿ ಇಟ್ಟಿದ್ದರೆ ಮುಂದಿನ ಗಾಲಿ ರಾಜನಂತೆ ಹತ್ತುತ್ತಿತ್ತು, ಹಿಂದೆಯೇ ಬಂದ ದಪ್ಪ ಟೈರು ಒಳಬದಿಯಲ್ಲಿ ಒಂದಿಂಚಿಗೂ ಹೆಚ್ಚು ಗಾಳಿಯಲ್ಲಿ ಜೋತಾಡುತ್ತಿತ್ತು. 1,372 ಅಂತ ಫೋನಿನಲ್ಲಿ ಹೇಳಿದ್ದರೆ ಆಗುತ್ತಿದ್ದದ್ದು ಅದೇ.

14 ಇಂಚು ಅಗಲ ಮಾಡೋಣ ಎಂದು ತೀರ್ಮಾನಿಸಿದೆವು, 355 ಮಿಲಿಮೀಟರು. ಎರಡೂ ಬದಿಗೆ ತಲಾ 55 ಮಿಲಿಮೀಟರು ಉಳಿಯುತ್ತದೆ. ಸ್ಟೇರಿಂಗು ತುಸು ಅತ್ತಿತ್ತ ಆದರೂ ಜೀವ ಹೋಗುವುದಿಲ್ಲ. ಎರಡು ಏಣಿಗಳ ನಡುಗೆರೆಯ ಅಂತರ ಮುಂದಿನ ಗಾಲಿಯದೂ ಅಲ್ಲ, ಹಿಂದಿನದೂ ಅಲ್ಲ: 1,306. ಹಿಗ್ಗಿನಿಂದ ಕಾಕಾಗೆ ಫೋನು ಮಾಡಿ ಹೇಳಿದೆ. “ಏಣಿ ಅಗಲ 14 ಇಂಚು, ಎರಡರ ನಡುವ 1,306, ಸೆಂಟರ್ ಟು ಸೆಂಟರ್.”

ಅಲ್ಲಿ ಗ್ರೈಂಡರ್ ಚಾಲೂ ಇತ್ತು. “ಆತ್ರಿ ಸರ” ಅಂದರು.

ಏಣಿಯ ಉದ್ದದ ಗೋಳು ಬೇರೆ. ಲಾರಿಯ ಹಲಗೆ ನೆಲದಿಂದ 37 ಇಂಚು. ಸಾಮಾನ್ಯವಾಗಿ ಸಿಗುವ 8 ಅಡಿ ಏಣಿ ಹಚ್ಚಿದರೆ 23 ಡಿಗ್ರಿ ಏರು, ಕಾರಿನ ಮೂತಿ ಏಣಿಯ ಬುಡಕ್ಕೇ ಗುದ್ದುತ್ತದೆ. 12 ಅಡಿಗೆ 15 ಡಿಗ್ರಿ. ಇನ್ನೂ ಉದ್ದ ಮಾಡಿದರೆ ಎತ್ತುವವರು ಯಾರು? ಮೂತಿಗಿಂತ ದೊಡ್ಡ ಚಿಂತೆ ಹೊಟ್ಟೆಯದು. ಮುಂದಿನ ಗಾಲಿ ಹಲಗೆಯ ಮೇಲೆ, ಹಿಂದಿನ ಗಾಲಿ ಇನ್ನೂ ಏಣಿಯಲ್ಲಿ ಇರುವ ಗಳಿಗೆಯಲ್ಲಿ ಹಲಗೆಯ ತುದಿ ಸೀದಾ ಕಾರಿನ ಹೊಟ್ಟೆಗೆ ತಾಗುತ್ತದೆ. ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ ಅಂತರ 2,286, ಹೊಟ್ಟೆಯ ಕೆಳಗಿನ ಜಾಗ 110. ಅರ್ಧ ಗಾಲಿ ಅಂತರಕ್ಕೆ 110 ಏರಿದರೆ ಐದೂವರೆ ಡಿಗ್ರಿ. ಎರಡೂ ಕಡೆ ಸೇರಿ 11. ಅದಕ್ಕಿಂತ ಕಡಿದಾದ ಮುರಿವು ಬಂದರೆ ಕಪ್ಪಿ ಕಾರು ಹೊಟ್ಟೆಯ ಮೇಲೆ ಕೂತುಬಿಡುತ್ತದೆ, ನಾಲ್ಕೂ ಗಾಲಿ ಆಡಿಸುತ್ತ.

ಈ ಭಾಗವನ್ನು ನಾನು ರಟ್ಟಿನಲ್ಲಿ ಮಾಡಿದೆ. ಹತ್ತಕ್ಕೊಂದು ಅಳತೆಯಲ್ಲಿ ಕಾರಿನ ಪಕ್ಕನೋಟ, ಲಾರಿಯ ಹಿಂಭಾಗ, ಏಣಿ ಎಲ್ಲ ಕತ್ತರಿಸಿ ಡ್ರಾಯಿಂಗ್ ಬೋರ್ಡಿನ ಮೇಲಿಟ್ಟು ಸರಿಸಿ ನೋಡುವುದು. ಮಾಮಾ ಮೊದಲು ‘ಬೊಂಬಿ ಆಟ’ ಅಂತ ನಕ್ಕರು. ಐದು ನಿಮಿಷದಲ್ಲಿ ಬೋರ್ಡು ಅವರ ತೊಡೆಯ ಮೇಲಿತ್ತು, ವಾಪಸು ಸಿಕ್ಕದ್ದು ರಾತ್ರಿ ಊಟಕ್ಕೆ ಕರೆದಾಗ. ರಟ್ಟಿನ ಲಾರಿಯ ಹಿಂದಿನ ಗಾಲಿಯನ್ನು ಬೋರ್ಡಿನ ಅಂಚಿನಿಂದ ಕೆಳಗೆ ಜಾರಿಸಿ, “ಇಲ್ನೋಡು,” ಅಂದರು.

ಟ್ರ್ಯಾಕ್ಟರು ಹೇರುವವರೆಲ್ಲ ಮಾಡುವುದು ಇದನ್ನೇ: ಲಾರಿಯ ಹಿಂದಿನ ಗಾಲಿಯನ್ನು ತಗ್ಗಿಗೆ ಇಳಿಸುವುದು. ಹಿಂದಿನ ಗಾಲಿ 8 ಇಂಚು ಇಳಿದರೆ ಹಲಗೆಯ ತುದಿ ಅದಕ್ಕಿಂತ ಹಿಂದೆ ಚಾಚಿರುವುದರಿಂದ ಹೆಚ್ಚುಕಡಿಮೆ 11 ಇಂಚು ಇಳಿಯುತ್ತದೆ. 37 ಇದ್ದದ್ದು 26. 12 ಅಡಿ ಏಣಿಗೆ ಏರು 10 ಡಿಗ್ರಿ ಚಿಲ್ಲರೆ. ಇನ್ನೊಂದು ಲಾಭ ನನ್ನ ಲೆಕ್ಕದಲ್ಲಿ ಇರಲೇ ಇಲ್ಲ: ಲಾರಿ ಹಿಂದಕ್ಕೆ ವಾಲಿದಾಗ ಹಲಗೆಯೂ ಏಣಿಯ ದಿಕ್ಕಿಗೇ ಮೂರೂವರೆ ಡಿಗ್ರಿ ವಾಲುತ್ತದೆ. ತುದಿಯಲ್ಲಿ ಕಾರಿನ ಹೊಟ್ಟೆ ದಾಟಬೇಕಾದ ಮುರಿವು ಏಳೇ ಡಿಗ್ರಿ. ಒಂದು ತಗ್ಗು, ಎರಡು ಪರಿಹಾರ. ಶೆಡ್ಡಿನ ಮುಂದೆ ಮಳೆನೀರು ಹರಿದು ಆದ ತಗ್ಗು ಇತ್ತು. ಇದನ್ನು ಮುಚ್ಚಿಸಿರಿ ಎಂದು ಅತ್ತೆ ಮೂರು ವರ್ಷದಿಂದ ಹೇಳುತ್ತಿದ್ದರು. ಮಾಮಾ ಈಗ ಅದನ್ನು ಮೊದಲೇ ಯೋಚಿಸಿ ಬಿಟ್ಟಂತೆ ತೋರಿಸಿಕೊಂಡರು.

ಕಡೆಗೂ ಏಣಿ ಬಂದವು. 75 ಮಿಲಿಮೀಟರಿನ ಚಾನಲ್ಲು, ಮೇಲೆ ಚೆಕರ್ ಪ್ಲೇಟಿನ ಪಟ್ಟಿಗಳು, ತುದಿಗೆ ಹಲಗೆಗೆ ಸಿಕ್ಕಿಸುವ ಕೊಕ್ಕೆ. ವೆಲ್ಡಿಂಗು ನೋಡಲು ಮುತ್ತಿನ ಸಾಲು, ಅದರಲ್ಲಿ ಎರಡು ಮಾತಿಲ್ಲ. ಏಣಿಗಳು ಅತ್ತಿತ್ತ ಸರಿಯದಂತೆ ನಡುವೆ ನಟ್ಟು ಬಿಗಿದು ಬಿಚ್ಚಬಹುದಾದ ಎರಡು ಅಡ್ಡಪಟ್ಟಿ. ಲಾರಿಗೆ ಹಚ್ಚಿ ನೋಡಿದೆವು, ಹಲಗೆಯ ಅಗಲಕ್ಕೆ ಸರಿಯಾಗಿ ಕೂತಿತು. ಎಲ್ಲರಿಗೂ ಸಮಾಧಾನ.

ಮಾಮಾಗೆ ಮಾತ್ರ ಇಲ್ಲ. “ಶೆಡ್ಡಿನಾಗ ತಗೊಂಬರ್ರಿ ಒಮ್ಮೆ.” ನೆಲದ ರಂಗೋಲಿಯ ಮೇಲಿನ ಚಾಕ್‌ಪೀಸ್ ಗೆರೆಗಳಿಗೆ ಸರಿಯಾಗಿ ಏಣಿ ಮಲಗಿಸಿದೆವು. ಹಿಂದಿನ ಗಾಲಿಯ ಕೆಂಪು ಗೆರೆ ಅರ್ಧಕ್ಕಿಂತ ಹೆಚ್ಚು ಏಣಿಯ ಹೊರಗೆ, ಬಯಲಲ್ಲಿ ಬಿದ್ದಿತ್ತು.

ಅಡ್ಡಪಟ್ಟಿ ಅಳೆದೆ. ಸರಿಯಾಗಿ 1,306. ಸೆಂಟರಿನಿಂದ ಸೆಂಟರಿಗಲ್ಲ, ಏಣಿಯ ಒಳಮೈಯಿಂದ ಒಳಮೈಗೆ. ನಾನು ಹೇಳಿದ ನಂಬರನ್ನು ಕಾಕಾ ಮಿಲಿಮೀಟರೂ ತಪ್ಪದೆ ಮಾಡಿದ್ದರು, ರೈಲಿನ ಹಳಿಯ ಲೆಕ್ಕದಲ್ಲಿ. ಗ್ರೈಂಡರಿನ ಸದ್ದಿನಲ್ಲಿ ‘ಸೆಂಟರ್ ಟು ಸೆಂಟರ್’ ಹಾರಿಹೋಗಿತ್ತು. ಅದೂ ಅಲ್ಲದೆ ಅವರಿಗೆ ಬೇಕಾದದ್ದು ಕತ್ತರಿಸಬೇಕಾದ ಪಟ್ಟಿಯ ಉದ್ದ. ನಾನು ಕೊಟ್ಟದ್ದು ನನ್ನ ನಕ್ಷೆಯ ನಡುಗೆರೆ. ಕಬ್ಬಿಣದ ಮೇಲೆ ನಡುಗೆರೆ ಎಲ್ಲಿರುತ್ತದೆ?

ಕಾಕಾ ಬಂದು ನೋಡಿ ಹಣೆ ಬಡಿದುಕೊಂಡರು. “ಏಣಿ ನಡುವ ಖಾಲಿ ಜಾಗ ಎಷ್ಟು ಬೇಕು ಅಂತ ಹೇಳಬೇಕಿಲ್ರೀ ಸರ?” 950, ಅಂದೆ. ಅಲ್ಲೇ ಪಟ್ಟಿ ಕೊಯ್ದು, ಹೊಸ ತೂತು ಕೊರೆದು, ಒಂದು ತಾಸಿನಲ್ಲಿ ಸರಿಮಾಡಿದರು. ದುಡ್ಡು ಬೇಡ ಅಂದರು. ತಪ್ಪು ನನ್ನದು ಎಂದು ಒತ್ತಾಯ ಮಾಡಿ ಕೊಟ್ಟೆ. ಈ ಸಲ ಗೆರೆಗಳ ಮೇಲೆ ಏಣಿ ಇಟ್ಟಾಗ ಬಿಳಿ, ಕೆಂಪು ಎರಡೂ ಮುಚ್ಚಿದವು.

ಹತ್ತಿಸಿದ್ದು ಬುಧವಾರ ಮುಂಜಾನೆ ಆರಕ್ಕೆ, ಬಿಸಿಲೇರುವ ಮೊದಲು. ಡ್ರೈವರಣ್ಣ ಲಾರಿಯ ಹಿಂದಿನ ಗಾಲಿ ತಗ್ಗಿಗೆ ಇಳಿಸಿ ಹ್ಯಾಂಡ್‌ಬ್ರೇಕು ಎಳೆದು, ಗಾಲಿಗೆ ಕಲ್ಲು ಕೊಟ್ಟರು. ಏಣಿಗಳನ್ನು ಕೊಕ್ಕೆಯ ಜೊತೆಗೆ ಸರಪಳಿಯಿಂದಲೂ ಲಾರಿಗೆ ಕಟ್ಟಿದೆವು. ಎಂಜಿನ್ನು ಹಿಂದಿನ ಗಾಲಿಗಳನ್ನು ತಿರುಗಿಸುವ ಕಾರು ಸ್ವಂತ ಬಲದಿಂದ ಹತ್ತಿದರೆ ಏಣಿಯನ್ನು ಹಿಂದಕ್ಕೆ ಒದೆಯುತ್ತದೆ. ಕೊಕ್ಕೆ ಜಾರಿದರೆ ಮುಗಿಯಿತು. ಮಾಮಾಗೆ ಎಂಜಿನ್ ಹಾಕಿಯೇ ಹತ್ತಿಸುವ ಆಸೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿದ ಒಂದು ನೋಟಕ್ಕೆ ಆ ಆಸೆ ಇಳಿಯಿತು. ಕ್ಯಾಬಿನ್ನಿನ ಹಿಂದಿನ ಕಂಬಿಗೆ ಚೈನ್ ಪುಲ್ಲಿ ಬಿಗಿದು ಎಳೆದೆವು. 950 ಕಿಲೋದ ಕಾರು ಹತ್ತು ಡಿಗ್ರಿ ಏರಿಗೆ ಎಳೆತ ಕೇಳುವುದು 170 ಕಿಲೋದಷ್ಟು. ಕೈ ನೋಯುವುದಿಲ್ಲ, ಆದರೆ ನಿಧಾನ. ಕರಕರ ಅಂತ ಒಂದೊಂದೇ ಕೊಂಡಿ.

ಮುಂದಿನ ಗಾಲಿ ಏಣಿಯ ಹೊರಭಾಗದಲ್ಲಿ, ಹಿಂದಿನದು ಒಳಭಾಗದಲ್ಲಿ, ರಂಗೋಲಿ ಹೇಳಿದ ಹಾಗೆಯೇ ಹತ್ತಿದವು. ಹಲಗೆಯ ತುದಿಗೆ ಹೊಟ್ಟೆ ಬಂದಾಗ ನಾನು ಮಂಡಿಯೂರಿ ನೋಡುತ್ತಿದ್ದೆ. ಎರಡು ಬೆರಳು ತೂರುವಷ್ಟು ಜಾಗ. “ಹೋಗಲಿ, ಹೋಗಲಿ” ಎಂದು ಕೂಗಲು ಬಾಯಿ ತೆರೆದೆ, ಸೀನು ಬಂತು. ಬ್ಯಾಡಗಿ ಮೆಣಸಿನಕಾಯಿ ಹೇರಿದ ಹಲಗೆ. ಸಂದಿಗಳಲ್ಲಿದ್ದ ಪುಡಿ ಚೈನಿನ ಅಲುಗಾಟಕ್ಕೆ ಎದ್ದಿತು. ಚೈನು ಎಳೆಯುತ್ತಿದ್ದ ಮಾಮಾ, ಕಲ್ಲು ಹಿಡಿದಿದ್ದ ಹುಡುಗ, ಎಲ್ಲರೂ ಸೀನತೊಡಗಿದರು. ಡ್ರೈವರಣ್ಣ ಒಬ್ಬರೇ ತಣ್ಣಗೆ ನಿಂತಿದ್ದರು. “ನಮಗ ರೂಢಿ ಆಗೇತ್ರಿ.”

ಕಾರು ಹತ್ತಿತು. ಬೆಲ್ಟನ್ನು ಚಾಸಿಗೆ ಹಾಕಿ ಜಗ್ಗಿದರೆ ಸ್ಪ್ರಿಂಗು ಕುಗ್ಗಿ ದಾರಿಯುದ್ದಕ್ಕೂ ಕುಣಿಯುತ್ತದೆ ಎಂದು ನಾಲ್ಕೂ ಟೈರುಗಳ ಮೇಲಿನಿಂದಲೇ ಬೆಲ್ಟು ಹಾಯಿಸಿ ಬಿಗಿದೆವು. ಮುಂದೆ ಹಿಂದೆ ಮರದ ತುಂಡು ಕೊಟ್ಟೆವು. 13 ಅಡಿಯ ಕಾರು, 14 ಅಡಿಯ ಹಲಗೆ. ಆಗ ಡ್ರೈವರಣ್ಣ ಕೇಳಿದರು, “ಏಣಿ ಎಲ್ಲಿ ಇಡೂದ್ರಿ?”

ಕೊಯಮತ್ತೂರಿನಲ್ಲಿ ಇಳಿಸಲು ಏಣಿ ಬೇಕಲ್ಲ. ಒಂಬತ್ತು ದಿನ ಅಳೆದ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ನಿಲ್ಲಿಸಿ ಕಟ್ಟಲು ಪಕ್ಕದಲ್ಲಿ ಜಾಗವಿಲ್ಲ, ಕ್ಯಾಬಿನ್ ಮೇಲಿಡಲು 12 ಅಡಿ ಉದ್ದ. ಮಾಮಾ ಬಗ್ಗಿ ಕಾರಿನ ಕೆಳಗೆ ನೋಡಿದರು. ಹಿಂದಿನ ಗಾಲಿಗಳ ನಡುವಿನ ಜಾಗ 1,061. ಎರಡು ಏಣಿಯ ಅಗಲ ಸೇರಿ 710. ಏಣಿಯ ದಪ್ಪ ಪ್ಲೇಟು ಸೇರಿ 80, ಹೊಟ್ಟೆಯ ಕೆಳಗೆ 110. ಅಡ್ಡಪಟ್ಟಿ ಬಿಚ್ಚಿ, ಗೋಣಿಚೀಲ ಹಾಸಿ, ಎರಡನ್ನೂ ಹಿಂದಿನಿಂದ ಒಳಗೆ ತಳ್ಳಿದೆವು. ಕೊಕ್ಕೆಗಳು ಹಲಗೆಯ ತುದಿಗೆ ಬಂದು ಸಿಕ್ಕಿಕೊಂಡವು, ಅಲ್ಲಾಡದಂತೆ. ಯಾರೂ ಲೆಕ್ಕ ಹಾಕಿರದ ಅಳತೆ ಇದೊಂದೇ. ಒಂದೇ ಸಲಕ್ಕೆ ಸರಿಹೋದದ್ದೂ ಇದೊಂದೇ.

ಮಾಮಾ ಲಾರಿಯಲ್ಲೇ ಹೋದರು. ಎರಡನೆಯ ದಿನ ಮಧ್ಯಾಹ್ನ ನಾನು ಪರೀಕ್ಷೆಯ ಕೋಣೆಯಿಂದ ಹೊರಬರುತ್ತಿದ್ದಂತೆ ಫೋನು ಬಂತು.

“ಇಲ್ಲಿ ಎಲ್ಲೂ ತಗ್ಗ ಸಿಗಲಿಲ್ಲೋ. ಡ್ರೈವರ್ ಒಂದು ಮಣ್ಣಿನ ದಿನ್ನಿ ಹುಡುಕಿ ಲಾರಿ ಅದಕ್ಕ ಹಚ್ಚಿದಾ. ಏಣಿ ಮಟ್ಟಸಾನ ಕೂತು, ಕಾರು ಹಂಗ ಉರುಳಿಕೋತ ಇಳೀತು.”

“ಛಲೋ ಆತ್ರಿ ಮಾಮಾ. ಟ್ರ್ಯಾಕಿಗೆ ಇಳಿಸಿದ್ರೇನು?”

“ಅದನ್ನ ಆಮ್ಯಾಲ ಹೇಳ್ತೀನಿ. ಮದಲ ನಿಮ್ಮ ಅತ್ತಿಗೆ ಫೋನ್ ಮಾಡು. ಶೆಡ್ಡಿನ ನೆಲಾ ಮುಟ್ಟಬ್ಯಾಡ ಅನ್ನು. ಆ ಗೆರಿ ಮ್ಯಾಲ ಪೇಂಟ್ ಹೊಡಿಯೂದೈತಿ, ಮುಂದಿನ ಸರ್ತೆ ಅಳಿಯೂದ ಬ್ಯಾಡ.”

ನಾನು ಫೋನು ಮಾಡುವ ಹೊತ್ತಿಗೆ ಅತ್ತೆ ಗುಡಿಸಿ, ಎರಡು ಬಕೀಟು ನೀರು ಹೊಡೆದು ತೊಳೆದಾಗಿತ್ತು.